ಕುಂಭಾರಿ ಶೆಡ್ಡಿನ ಎಂಜಿನ್

ಯೋಗಿರಾಜನ ಎಂಜಿನ್ ಸಿದ್ಧವಾಗಿ ವಾರ ಕಳೆದಿತ್ತು. ಆದರೆ ಅದನ್ನು ಮೊದಲ ಸಲ ಶುರು ಮಾಡಲು ಜೊತೆಗೊಬ್ಬ ಮನುಷ್ಯ ಬೇಕಿತ್ತು. ಆ ಒಬ್ಬ ಮನುಷ್ಯ ಅವನಿಗೆ ಸಿಕ್ಕಿರಲಿಲ್ಲ.

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆಯಲ್ಲಿ, ಕುಂಭಾರಿ ದಾಟಿದ ಮೇಲೆ ಜೋಳದ ಹೊಲಗಳ ನಡುವೆ ಒಂದು ತಗಡಿನ ಶೆಡ್ಡು ಇದೆ. ಹಿಂದೆ ಅದರಲ್ಲಿ ಕಾಮಣ್ಣನೆಂಬ ರೈತ ತೊಗರಿಯ ಚೀಲ ಒಟ್ಟುತ್ತಿದ್ದ. ಆಮೇಲೆ ಯೋಗಿರಾಜ ಅದನ್ನು ಬಾಡಿಗೆಗೆ ಹಿಡಿದು ತನ್ನ ಹಳೆಯ ಎಸ್ಟೀಮ್ ಕಾರನ್ನು ತಂದು ನಿಲ್ಲಿಸಿದ. ಸೊಲ್ಲಾಪುರದ ಮಂಗಳವಾರ ಪೇಟೆಯಲ್ಲಿ ಅವನ ಮನೆತನದ ದೊಡ್ಡ ಕಿರಾಣಿ ಅಂಗಡಿಯಿತ್ತು. ಅಣ್ಣ ಗುರುಶಾಂತ ಗಲ್ಲೆಯ ಮೇಲೆ ಕೂತು ಮೂರು ಫೋನುಗಳಲ್ಲಿ ವ್ಯಾಪಾರ ಮಾಡುತ್ತಿದ್ದ. ತಮ್ಮ ಯೋಗಿರಾಜ ಬೆಳಿಗ್ಗೆ ಎರಡು ತಾಸು ಗೋದಾಮು ನೋಡಿಕೊಂಡು, ಡಬ್ಬಿ ಕಟ್ಟಿಸಿಕೊಂಡು, ಮೋಟಾರ್ ಸೈಕಲ್ ಏರಿ ಕುಂಭಾರಿಗೆ ಹೋಗಿಬಿಡುತ್ತಿದ್ದ. ಅವನಿಗೀಗ ಮೂವತ್ತೊಂಬತ್ತು. ತಮ್ಮನಿಗೆ ಇದೊಂದು ಚಟವೆಂದು ಗುರುಶಾಂತ ಎಂದೋ ಕೈಬಿಟ್ಟಿದ್ದ. ಕುಡಿಯುವ ಚಟಕ್ಕಿಂತ ವಾಸಿ ಎಂದು ಬಂದವರೆದುರು ಹೇಳುತ್ತಿದ್ದ.

ಮೊದಮೊದಲು ಈ ಕೆಲಸಕ್ಕೆ ಇಬ್ಬರಿದ್ದರು. ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಲೇಥು ನಡೆಸುತ್ತಿದ್ದ ಉದಯಕುಮಾರ ಅವನ ಸಾಲೆಯ ಗೆಳೆಯ. ಕಂಪನಿಯವರು ಮಾಡಿಕೊಟ್ಟ ಎಂಜಿನ್ನನ್ನು ಪೂರ್ತಿ ಬಿಚ್ಚಿ, ಅದೇ ಕಬ್ಬಿಣದಿಂದ ಬೇರೆಯೇ ಒಂದು ಎಂಜಿನ್ ಕಟ್ಟಬೇಕು, ಗುಡ್ಡದ ರಸ್ತೆಯ ಸ್ಪರ್ಧೆಗಳಲ್ಲಿ ಓಡಿಸಬೇಕು ಎಂಬುದು ಇಬ್ಬರ ಆಸೆಯಾಗಿತ್ತು. ನಾಲ್ಕೂ ಸಿಲಿಂಡರುಗಳನ್ನು ಕೊರೆಸಿ ಅಗಲ ಮಾಡಿಸಿದರು. ಅವಕ್ಕೆ ಹೊಂದುವಂತೆ ಹಗುರವಾದ, ಬಡಿದು ಮಾಡಿದ ಪಿಸ್ಟನ್ನುಗಳನ್ನು ತರಿಸಿದರು. ಅಷ್ಟರಲ್ಲಿ ಉದಯಕುಮಾರನಿಗೆ ದೂರದ ಚಾಕಣದಲ್ಲಿ ನೌಕರಿ ಸಿಕ್ಕಿತು, ಅವನು ಹೊರಟುಹೋದ. ಆಮೇಲಿನದೆಲ್ಲ ಯೋಗಿರಾಜ ಒಬ್ಬನೇ ಮಾಡಿದ್ದು. ಗಾಳಿ ಒಳಹೋಗುವ ದಾರಿಗಳನ್ನು ಇಡೀ ಒಂದು ಚಳಿಗಾಲ ಕೈಯಿಂದಲೇ ಉಜ್ಜಿ ನುಣುಪು ಮಾಡಿದ. ವಾಲ್ವುಗಳನ್ನು ಎಷ್ಟು ಎತ್ತರ, ಎಷ್ಟು ಹೊತ್ತು ತೆರೆಯಬೇಕು ಎಂಬುದನ್ನು ನಿರ್ಧರಿಸುವ ಕ್ಯಾಮ್‌ಶಾಫ್ಟನ್ನು ತಾನೇ ಲೆಕ್ಕಹಾಕಿ ಕೊಯಮತ್ತೂರಿನಲ್ಲಿ ಅರೆಸಿ ತಂದ. ಒಂದೊಂದು ಸಿಲಿಂಡರಿಗೂ ಒಂದೊಂದರಂತೆ, ಮೋಟಾರ್ ಸೈಕಲ್ಲಿನಿಂದ ಬಿಚ್ಚಿದ ನಾಲ್ಕು ಗಾಳಿಬಾಯಿಗಳನ್ನು ಕೂಡಿಸಿದ.

ಶೆಡ್ಡಿನಲ್ಲಿ ದಿನಗಳು ಮಾತಿಲ್ಲದೆ ಹೋಗುತ್ತಿದ್ದವು. ಬೋಲ್ಟು ಬಿಗಿಯುವಾಗ ಮರಾಠಿಯಲ್ಲಿ ಅಳತೆ ಎಣಿಸಿಕೊಳ್ಳುತ್ತಿದ್ದ. ಅಷ್ಟು ಬಿಟ್ಟರೆ ಸಂಜೆಯವರೆಗೆ ಗಂಟಲಿಗೆ ಕೆಲಸವಿರಲಿಲ್ಲ. ಒಮ್ಮೆ ತಪ್ಪು ನಂಬರಿನ ಫೋನು ಬಂದಾಗ ಅವನ ದನಿ ಅವನಿಗೇ ಒಡಕಲಾಗಿ ಕೇಳಿಸಿ, ಕೆಮ್ಮಿ ಸರಿಮಾಡಿಕೊಳ್ಳುವಷ್ಟರಲ್ಲಿ ಆ ಕಡೆಯವರು ಇಟ್ಟುಬಿಟ್ಟಿದ್ದರು.

ಒಬ್ಬನೇ ಎಂಜಿನ್ ಕಟ್ಟಬಹುದು. ಸರಪಳಿ ರಾಟೆಯಿದ್ದರೆ ಒಬ್ಬನೇ ಅದನ್ನೆತ್ತಿ ಕಾರಿನಲ್ಲಿ ಕೂರಿಸಲೂಬಹುದು. ಆದರೆ ಹೊಸ ಕ್ಯಾಮ್‌ಶಾಫ್ಟ್ ಹಾಕಿದ ಎಂಜಿನ್ನಿಗೆ ಒಂದು ಹಟ ಇರುತ್ತದೆ. ಮೊದಲ ಸಲ ಹೊತ್ತಿಕೊಂಡ ಗಳಿಗೆಯಿಂದ ಇಪ್ಪತ್ತು ನಿಮಿಷ ಅದು ಒಂದೇ ಸಮ ಜೋರಾಗಿ ತಿರುಗಬೇಕು. ನಿಧಾನವಾದರೆ ಎಣ್ಣೆ ಸಾಲದೆ ಹೊಸ ಲೋಹಕ್ಕೆ ಹೊಸ ಲೋಹ ಉಜ್ಜಿ, ವರ್ಷಗಳ ಕೆಲಸ ಅಲ್ಲೇ ಕೆರೆದುಹೋಗುತ್ತದೆ. ಒಳಗೆ ಕೂತು ಆಕ್ಸಿಲರೇಟರ್ ಹಿಡಿಯಲು ಒಬ್ಬರು ಬೇಕು. ಹೊರಗೆ ನಿಂತು ಎಣ್ಣೆ, ನೀರು, ಪೆಟ್ರೋಲು ಎಲ್ಲಿ ಸೋರುತ್ತದೆಂದು ಕಣ್ಣಿಡಲು ಇನ್ನೊಬ್ಬರು ಬೇಕು. ಪೆಡಲಿಗೆ ಇಟ್ಟಿಗೆ ಇಟ್ಟು ಮಾಡಿದವರೂ ಇದ್ದಾರೆ. ಯೋಗಿರಾಜನಿಗೆ ಆ ಧೈರ್ಯ ಇರಲಿಲ್ಲ.

ಉದಯಕುಮಾರನಿಗೆ ಫೋನು ಮಾಡಿದರೆ, "ದಿವಾಳಿಗೆ ಬರತೀನಲ್ಲೋ, ಅಲ್ಲೀತನಕ ತಡಿ," ಎಂದ. ದೀಪಾವಳಿಗೆ ಇನ್ನೂ ಎಂಟು ತಿಂಗಳಿತ್ತು. ಕಾಮಣ್ಣ ಮಗಳ ಬಾಣಂತನವೆಂದು ಮಂಗಳವೇಢೆಗೆ ಹೋಗಿದ್ದ. ಕಡೆಗೆ ಅಣ್ಣನನ್ನೇ ಕೇಳಿದ.

"ನಿನ್ನ ಗಾಡಿ ಚಾವಿ ತಿರುವಾಕ ನಾ ಅಂಗಡಿ ಬಿಟ್ಟು ಬರಲೇನು?" ಎಂದ ಗುರುಶಾಂತ. ಸಿಟ್ಟಿನಿಂದ ಹೇಳಲಿಲ್ಲ. ನಿಜವಾಗಿ ಕೇಳುವವನಂತೆ ಕೇಳಿ, ತಮ್ಮ ಏನಾದರೂ ಹೇಳುವ ಮೊದಲೇ ಫೋನಿನತ್ತ ತಿರುಗಿದ.

ಹೀಗಿರುವಾಗ ಒಂದು ಮಧ್ಯಾಹ್ನ, ಹೊರಗೆ ಬಿಸಿಲು ರಣರಣ ಅನ್ನುತ್ತಿದ್ದಾಗ, ಶೆಡ್ಡಿನ ಬಾಗಿಲಲ್ಲಿ ನೆರಳು ಬಿತ್ತು.

"ಒಳಗ ಬರಲೇನ್ರಿ?"

ದನಿ ಕೇಳಿದ ಕೂಡಲೇ ಯೋಗಿರಾಜನಿಗೆ ಗೊತ್ತಾಯಿತು. ಉಜ್ವಲಾ. ಅವನ ಹೆಂಡತಿ.

ಎರಡೂವರೆ ವರ್ಷದ ಹಿಂದೆ ಅವಳ ತಂದೆ ಬಂಡೆಪ್ಪ ಅಕ್ಕಲಕೋಟೆಯ ಹತ್ತಿರದ ತಮ್ಮ ಹೊಲದಲ್ಲಿ ಬಿದ್ದು ಸೊಂಟ ಮುರಿದುಕೊಂಡಾಗ ಅವಳು ತವರಿಗೆ ಹೋಗಿದ್ದಳು. ಜಗಳವಾಡಿ ಹೋದವಳಲ್ಲ. ತಂದೆ ಕೋಲು ಹಿಡಿದು ನಡೆಯುವಂತಾದ ಮೇಲೆ ಗಂಡ ಬಂದು ಕರೆದೊಯ್ಯುತ್ತಾನೆಂದು ಅವಳು ಕಾದಳು. ಕೆಲಸ ಮುಗಿದ ಮೇಲೆ ತಾನಾಗಿಯೇ ಬರುತ್ತಾಳೆಂದು ಇವನು ಕಾದ. ಹಬ್ಬ ಬಂತು, ಹೋಯಿತು. ಮೊದಲು ವಾರಕ್ಕೊಮ್ಮೆ ಇದ್ದ ಫೋನು ತಿಂಗಳಿಗೊಮ್ಮೆ ಆಯಿತು, ಆಮೇಲೆ ಯಾರಾದರೂ ಸತ್ತರೆ ಮಾತ್ರ ಎಂಬಂತಾಯಿತು. ಅತ್ತಿಗೆ ರೂಪಾಲಿ ಎರಡು ಸಲ, "ಹೋಗಿ ಕರಕೊಂಡು ಬರ್ರಿ ಭಾವೂಜಿ, ಹೆಣ್ಣುಮಕ್ಕಳು ತಾವಾಗಿ ಹೆಂಗ ಬರತಾರ?" ಎಂದಿದ್ದಳು. ಹೋಗುತ್ತೇನೆಂದು ಅವನು ಎರಡು ಸಲವೂ ತಲೆಯಾಡಿಸಿದ್ದ. ಹೋಗುವವನೂ ಇದ್ದ.

"ಬಾ," ಎಂದ.

"ಫೋನ್ ಮಾಡಿದ್ದೆ. ನೀವು ಎತ್ತಲಿಲ್ಲ. ಅದಕ್ಕ ಎಸ್.ಟಿ. ಬಸ್ಸು ಇಳದು ನಡಕೋತ ಬಂದೆ."

ಫೋನು ಎಲ್ಲೋ ಚಿಂದಿಬಟ್ಟೆಯ ಅಡಿಯಲ್ಲಿತ್ತು. ಅವನು ಇದ್ದೊಂದು ಸ್ಟೂಲನ್ನು ಒರೆಸಿ ಕೊಟ್ಟ. ಅವಳು ಕೂಡಲಿಲ್ಲ. ಚೀಲದಿಂದ ಒಂದು ಪ್ಲಾಸ್ಟಿಕ್ ಫೈಲು ತೆಗೆದಳು.

"ವಕೀಲರು ಕಾಗದ ಮಾಡ್ಯಾರ. ಇಬ್ಬರೂ ರಾಜಿಖುಷಿಲೆ ಬ್ಯಾರೆ ಆಗತೀವಿ ಅಂತ. ಓದಿ ಸಹಿ ಮಾಡ್ರಿ. ಗಡಿಬಿಡಿ ಏನಿಲ್ಲ, ನಾಕು ದಿನ ಇಟಗೊಂಡರೂ ನಡೀತದ."

ಯೋಗಿರಾಜ ತನ್ನ ಕೈ ನೋಡಿಕೊಂಡ. ಮೊಣಕೈವರೆಗೆ ಗ್ರೀಸು ಮೆತ್ತಿತ್ತು. "ಕೈ ತೊಳಕೊಂಡು ಬರತೀನಿ," ಎಂದು ಹಿಂದಿನ ಡ್ರಮ್ಮಿನ ಹತ್ತಿರ ಹೋದ. ಸಾಬೂನು ಹಚ್ಚಿ ತೊಳೆದ, ಮತ್ತೆ ಹಚ್ಚಿ ತೊಳೆದ, ಉಗುರಿನ ಸಂದಿಯ ಕಪ್ಪನ್ನು ಕಡ್ಡಿಯಿಂದ ತೆಗೆದ. ಇನ್ನು ತೊಳೆಯಲು ಏನೂ ಉಳಿಯಲಿಲ್ಲ ಎಂದಾದಾಗ ಒಳಗೆ ಬಂದ.

ಅವಳು ಎಂಜಿನ್ನನ್ನು ನೋಡುತ್ತ ನಿಂತಿದ್ದಳು. "ಬಾರ್ಶಿದಾಗ ನೌಕರಿ ಸಿಕ್ಕದ," ಎಂದಳು ತಿರುಗದೆಯೇ. "ದವಾಖಾನಿ ಲ್ಯಾಬ್‌ದಾಗ. ಅಪ್ಪ ಮಲಗಿದ್ದಾಗ ಕೋರ್ಸ್ ಮಾಡಿದೆನಲ್ಲ, ಅದರ ಮ್ಯಾಲೆ. ಬರೂ ತಿಂಗಳ ಹೋಗತೀನಿ."

ಕೋರ್ಸು ಮಾಡಿದ್ದು ಅವನಿಗೆ ಗೊತ್ತಿರಲಿಲ್ಲ. "ಛಲೋ ಆತು," ಎಂದ.

ಕಾಗದವನ್ನು ಕಾರಿನ ಮುಂದಿನ ಮಡ್‌ಗಾರ್ಡಿನ ಮೇಲೆ ಇಟ್ಟು, ಅವಳು ಬೆರಳಿಟ್ಟು ತೋರಿಸಿದಲ್ಲೆಲ್ಲ ಸಹಿ ಮಾಡಿದ. ಅವಳು ಓದಲು ಹೇಳಿದರೂ ಓದಲಿಲ್ಲ. ಸಹಿ ಇಷ್ಟು ಬೇಗ ಆಗುತ್ತದೆಂದು ಇಬ್ಬರೂ ಅಂದುಕೊಂಡಿರಲಿಲ್ಲವೋ ಏನೋ, ಫೈಲು ಮುಚ್ಚಿದ ಮೇಲೆ ಇಬ್ಬರೂ ನಿಂತೇ ಉಳಿದರು.

"ಬಸ್ಸು ಯಾವಾಗ?" ಎಂದ.

"ಇನ್ನೂ ತಾಸು ಅದ."

ಅವನು ಕಾರಿನತ್ತ ನೋಡಿದ. ಅವಳತ್ತ ನೋಡಿದ. ಕೇಳಬಾರದೆಂದು ಗೊತ್ತಿತ್ತು. ಈ ಹೊತ್ತಿನಲ್ಲಿ ಯಾರೂ ಯಾರನ್ನೂ ಕೇಳುವ ಮಾತಲ್ಲ ಅದು. ಆದರೂ ಬಾಯಿಂದ ಬಂದುಬಿಟ್ಟಿತು.

"ಒಂದು ಕೆಲಸ ಇತ್ತು. ಇದನ್ನ ಶುರು ಮಾಡಬೇಕಾಗೇದ. ಒಬ್ಬಾಂವನ ಕೈಲೆ ಆಗೂದಿಲ್ಲ. ಇಪ್ಪತ್ತು ಮಿನಿಟ ಸಾಕು. ನೀ ಒಳಗ ಕುಂತು ಕಾಲ ಇಟ್ಟರ ಆತು."

ಉಜ್ವಲಾ ಅವನನ್ನೇ ನೋಡಿದಳು. ಅವಳ ಮುಖದಲ್ಲಿ ಮೊದಲು ಬಂದದ್ದು ಸಿಟ್ಟೇ ಇರಬೇಕು. ಆಮೇಲೆ ತುಟಿಯ ಮೂಲೆ ಸ್ವಲ್ಪ ಅಲುಗಿತು. "ಬ್ಯಾರೆ ಯಾರೂ ಸಿಗಲಿಲ್ಲೇನ್ರಿ ನಿಮಗ?"

"ಇಲ್ಲ," ಎಂದ ಯೋಗಿರಾಜ. ಅವನಿಗೆ ಸುಳ್ಳು ಹೇಳಲು ಹೊಳೆಯಲಿಲ್ಲ.

ಅವಳು ಚೀಲವನ್ನು ಸ್ಟೂಲಿನ ಮೇಲಿಟ್ಟು, ಓಢಣಿಯನ್ನು ಸೊಂಟಕ್ಕೆ ಸುತ್ತಿ ಕಟ್ಟಿಕೊಂಡಳು.

ಕಾರಿನೊಳಗೆ ಕೂತ ಮೇಲೆ ಅವನು ಕಿಟಕಿಯಿಂದ ಬಗ್ಗಿ ತೋರಿಸಿಕೊಟ್ಟ. "ಈ ಮುಳ್ಳು ಎಂಜಿನ್ ಸುತ್ತು ತೋರಸತದ, ಎರಡು ಮತ್ತ ಎರಡೂವರಿ ಸಾವಿರದ ನಡುವ ಇರಬೇಕು. ಕೆಳಗ ಬೀಳಾಕ ಬಿಡಬ್ಯಾಡ. ಈ ಕೆಂಪು ದೀವಾ ಹತ್ತಿದ್ರ ಲಗೇಚ ಚಾವಿ ಬಂದ್ ಮಾಡು, ನನ್ನ ಕೇಳಾಕ ನಿಂದ್ರಬ್ಯಾಡ. ನಾ ಕೈ ಮ್ಯಾಲ ಮಾಡಿದ್ರ ಏರಸು, ಕೆಳಗ ಮಾಡಿದ್ರ ಇಳಸು."

"ತಿಳೀತು. ಸರೀರಿ."

ಅವನು ಎತ್ತಿ ನಿಲ್ಲಿಸಿದ ಬಾನೆಟ್ಟಿನ ಆಚೆ ಹೋಗಿ ನಿಂತ. ಈಗ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. "ಹೂಂ," ಎಂದು ಕೂಗಿದ.

ಎಂಜಿನ್ ಎರಡು ಸುತ್ತು ಹೊರಳಿತು, ಸೀನಿತು, ಹಿಂದಿನ ಕೊಳವೆಯಿಂದ ಪಟಾಕಿ ಹೊಡೆದಂತೆ ಸದ್ದಾಯಿತು. ಮರುಗಳಿಗೆಗೆ ನಾಲ್ಕೂ ಸಿಲಿಂಡರುಗಳು ಒಟ್ಟಿಗೆ ಹಿಡಿದುಕೊಂಡವು. ತಗಡಿನ ಶೆಡ್ಡು ಗಡಗಡ ನಡುಗಿತು. ಮಾಡಿನ ಸಂದಿಯ ಪಾರಿವಾಳಗಳು ಬಾಗಿಲಿನಿಂದ ಹೊರಗೆ ಹಾರಿದವು. ಯೋಗಿರಾಜ ಬಾನೆಟ್ಟಿನ ಪಕ್ಕಕ್ಕೆ ಕೈ ಚಾಚಿ ಸ್ವಲ್ಪ ಮೇಲೆತ್ತಿದ. ಸುತ್ತು ಏರಿತು. ಕೈ ನಿಲ್ಲಿಸಿದ. ಸುತ್ತು ಅಲ್ಲಿಯೇ ನಿಂತಿತು.

ಇಷ್ಟು ವರ್ಷ ಮನಸ್ಸಿನಲ್ಲಿ ಮಾತ್ರ ಕೇಳಿದ್ದ ಸದ್ದು ಅದು. ಅಂದುಕೊಂಡದ್ದಕ್ಕಿಂತ ಒರಟಾಗಿತ್ತು, ಅಂದುಕೊಂಡದ್ದಕ್ಕಿಂತ ಸಾಚಾ ಆಗಿತ್ತು. ಅವನು ಟಾರ್ಚು ಹಿಡಿದು ಒಂದೊಂದೇ ಜೋಡಣೆಯನ್ನು ನೋಡುತ್ತ ಹೋದ. ಎಣ್ಣೆ ಸೋರುತ್ತಿರಲಿಲ್ಲ. ಪೆಟ್ರೋಲಿನ ಕೊಳವೆಗಳು ಒಣಗಿದ್ದವು. ಎಂಜಿನ್ ಬಿಸಿಯೇರಿದ ಮೇಲೆ ಮಾತ್ರ ರೇಡಿಯೇಟರಿನ ಮೇಲಿನ ರಬ್ಬರ್ ಪೈಪಿನಿಂದ ನೀರು ಜಿನುಗತೊಡಗಿತು. ಬಂದ್ ಮಾಡಿಸಿದರೆ ಕ್ಯಾಮ್ ಹಾಳು. ಬಿಟ್ಟರೆ ಪೈಪು ಕಳಚಿ ನೀರೆಲ್ಲ ಹೊರಗೆ. ಅವನು ಚಿಂದಿಬಟ್ಟೆ ಸುತ್ತಿ ಜೋಡಣೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದುಕೊಂಡ. ಸುಡುತ್ತಿತ್ತು. ಕೈ ಬದಲಿಸಿದ. ಮತ್ತೆ ಬದಲಿಸಿದ.

ಹಾಗೆ ಹಿಡಿದುಕೊಂಡು ನಿಂತಾಗ ಅವನ ಲಕ್ಷ್ಯವೆಲ್ಲ ಸದ್ದಿನ ಮೇಲಿತ್ತು, ಎಂದರೆ ಅವಳ ಕಾಲಿನ ಮೇಲಿತ್ತು. ಎಷ್ಟು ಸಮನಾಗಿ ಹಿಡಿದಿದ್ದಳು! ಉದಯಕುಮಾರನೂ ಹೀಗೆ ಹಿಡಿಯುತ್ತಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಹೊತ್ತು ಕಳೆದ ಮೇಲೆ ಒಮ್ಮೆ ಸುತ್ತು ಜೋಲಿ ಹೊಡೆಯಿತು. ಇಳಿಯಿತು, ಏರಿತು, ಮತ್ತೆ ನೆಟ್ಟಗಾಯಿತು. ಅವಳು ಅಳುತ್ತಿದ್ದಾಳೆ ಎಂದು ಯೋಗಿರಾಜನಿಗೆ ಅನ್ನಿಸಿತು. ಹೋಗಿ ನೋಡಬೇಕೆನಿಸಿತು. ಪೈಪು ಬಿಡುವಂತಿರಲಿಲ್ಲ. ಕೂಗಿದರೆ ಕೇಳುವಂತಿರಲಿಲ್ಲ. ಹಾಗೆಯೇ ನಿಂತ.

ಹೊತ್ತು ಮುಗಿದಾಗ ಅವನು ಬಾನೆಟ್ಟಿನ ಪಕ್ಕದಿಂದ ಕೈ ಬೀಸಿದ. ಎಂಜಿನ್ ನಿಂತಿತು.

"ಆತೇನ್ರಿ?" ಎಂದು ಉಜ್ವಲಾ ಕಿರುಚಿದಳು.

"ಆತು!" ಎಂದು ಅವನೂ ಕಿರುಚಿದ. ಆಮೇಲೆ ಸುತ್ತ ಸದ್ದೇ ಇಲ್ಲವೆಂದು ತಿಳಿದು ಇಬ್ಬರೂ ಸುಮ್ಮನಾದರು.

"ನಡುವ ಒಂದಿಷ್ಟು ಅಲುಗಿತು," ಎಂದ ಮೆಲ್ಲಗೆ.

"ಕಾಲು ಜೋಮು ಹಿಡದಿತ್ರಿ. ಬೆವರು ಕಣ್ಣಾಗ ಇಳದಿತ್ತು."

ಅವನು ಕಿಟಕಿಯ ಬಳಿ ಬಂದು ನಿಂತು ಹೇಳತೊಡಗಿದ. ಕೊಯಮತ್ತೂರಿನವನು ಮೊದಲು ಕ್ಯಾಮನ್ನು ತಪ್ಪು ಅರೆದು ಕಳಿಸಿದ್ದು, ಸಿಲಿಂಡರುಗಳ ಮೇಲೆ ಕೂಡುವ ಹೆಡ್ಡಿನಲ್ಲಿ ಕೂದಲೆಳೆಯ ಬಿರುಕು ಕಂಡು ಅದನ್ನು ಬಿಸಾಕಿ ಬೇರೊಂದನ್ನು ಮೊದಲಿನಿಂದ ಉಜ್ಜಿದ್ದು, ಮೂರನೆಯ ಸಿಲಿಂಡರಿನ ಪಿಸ್ಟನ್ನು ಇಳಿಯದೆ ಕಾಡಿದ್ದು. ಯಾರಿಗೂ ಹೇಳದೆ ಉಳಿದಿದ್ದ ಮಾತುಗಳು ಒಂದರ ಮೇಲೊಂದು ಬಿದ್ದು ಬಂದವು. ಅವಳು ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಕೇಳಿದಳು. ಅವಳು ಕೇಳುತ್ತಿದ್ದಾಳೆಂಬ ಧೈರ್ಯದಲ್ಲೇ ಅವನು ಕಡೆಯದನ್ನೂ ಹೇಳಿದ.

"ಇದು ಆದ ಮ್ಯಾಲ ನಿನ್ನ ಕರಿಯಾಕ ಬರಾಂವ ಇದ್ದೆ. ಇದರಾಗನ. ಅಕ್ಕಲಕೋಟಿಗೆ."

ಉಜ್ವಲಾ ನಿಧಾನವಾಗಿ ತನ್ನ ಎಡಕ್ಕೆ ತಿರುಗಿ ನೋಡಿದಳು. ಅಲ್ಲಿ ಸೀಟು ಇರಲಿಲ್ಲ. ಬರಿಯ ತಗಡಿನ ನೆಲ, ನಾಲ್ಕು ಬೋಲ್ಟಿನ ತೂತು. ಹಿಂದೆಯೂ ಇರಲಿಲ್ಲ. ಸ್ಪರ್ಧೆಯ ಕಾರಿಗೆ ತೂಕ ಹೆಚ್ಚೆಂದು ಚಾಲಕನದೊಂದನ್ನು ಬಿಟ್ಟು ಎಲ್ಲವನ್ನೂ ಅವನೇ ಬಿಚ್ಚಿ ತೆಗೆದಿದ್ದ.

"ನನ್ನ ಎಲ್ಲಿ ಕುಂದ್ರಸಾವ್ರಿದ್ರಿ?" ಎಂದಳು.

ಚುಚ್ಚುವುದಕ್ಕೆ ಕೇಳಿದ್ದಲ್ಲ. ಆ ಪಯಣವನ್ನು ಅವನು ಎಷ್ಟು ಸಲ ಮನಸ್ಸಿನಲ್ಲಿ ಕಂಡಿದ್ದ! ಈ ಎಂಜಿನ್ನಿನ ಸದ್ದು ದೂರದಿಂದಲೇ ಕೇಳಿಸುವುದು, ಅಂಗಳದಲ್ಲಿ ಮಾವ ಬಂಡೆಪ್ಪ ಹೊರಸಿನಿಂದ ತಲೆಯೆತ್ತುವುದು, ಅವಳು ಚೀಲ ಹಿಡಿದು ಹೊರಗೆ ಬರುವುದು. ಅಲ್ಲಿಗೆ ಅದು ನಿಲ್ಲುತ್ತಿತ್ತು. ಅಲ್ಲಿಂದ ಇಬ್ಬರೂ ಹೊರಳಿ ಬರುವುದನ್ನು ಅವನು ಒಮ್ಮೆಯೂ ಕಂಡಿರಲಿಲ್ಲ. ಈಗ, ಈ ಬರಿಯ ನೆಲವನ್ನು ನೋಡಿದಾಗ, ಅದು ಅವನಿಗೆ ತಿಳಿಯಿತು.

"ಒಂದು ಫೋನ್ ಮಾಡಿ, 'ಗಾಡಿ ಆಗಲಿ, ಬರತೀನಿ, ತಡಿ' ಅಂದಿದ್ರ ನಾ ಕಾಯತಿದ್ನೇನೋ," ಎಂದಳು ಉಜ್ವಲಾ. "ಏನ ಗೊತ್ತು."

"ನೀನ ಬರತಿ ಅಂತ ನಾ ತಿಳದಿದ್ದೆ."

"ಹಂಗ ತಿಳದಿರತೀರಿ ಅಂತ ನನಗೂ ಗೊತ್ತಿತ್ರಿ. ಗೊತ್ತಿದ್ದೂ ಬರಲಿಲ್ಲ ನಾನೂ."

ಇಳಿಯುವಾಗ ಅವನ ಕೈ ಕಂಡಳು. ಅಂಗೈ ಕೆಂಪಗಾಗಿ ಒಂದು ಕಡೆ ಬೊಬ್ಬೆ ಎದ್ದಿತ್ತು. "ಇದೇನ್ರಿ ಇದು!" ಎಂದು ಅವನ ಮಣಿಕಟ್ಟು ಹಿಡಿದು ಹಿಂದಿನ ಡ್ರಮ್ಮಿನ ಹತ್ತಿರ ಕರೆದೊಯ್ದಳು. ತಂಬಿಗೆಯಿಂದ ನೀರನ್ನು ಸಣ್ಣಗೆ ಹೊಯ್ಯುತ್ತ, ನೀರು ಮುಗಿದರೆ ಮತ್ತೆ ಮೊಗೆಯುತ್ತ, ಬಹಳ ಹೊತ್ತು ಹಿಡಿದಳು. ದೂರದ ಹೊಲದಲ್ಲಿ ಯಾರೋ ಜೋಳ ಕೊಯ್ಯುತ್ತ ಹಕ್ಕಿ ಅಟ್ಟುತ್ತಿದ್ದರು.

ಬಸ್ಸು ನಿಲ್ಲುವ ಫಾಟಾದವರೆಗೆ ಅವನು ಜೊತೆಗೆ ನಡೆದು ಹೋದ. ಬಸ್ಸು ತುಂಬಿತ್ತು. ಅವಳು ಹತ್ತಿ ಜನರ ನಡುವೆ ಸೇರಿಹೋದಳು, ಕಿಟಕಿಯಲ್ಲಿ ಕಾಣಲಿಲ್ಲ.

ಸಂಜೆ ಎಂಜಿನ್ನಿನ ಎಣ್ಣೆ ಬಸಿದು ಬಿಸಿಲಿಗೆ ಹಿಡಿದು ನೋಡಿದ. ಹೊಸ ಎಂಜಿನ್ನಿನಲ್ಲಿ ಇರಬೇಕಾದಷ್ಟೇ ಲೋಹದ ಪುಡಿಯ ಮಿನುಗು ಇತ್ತು, ಹೆಚ್ಚಿಲ್ಲ. ಕೆಲಸ ಚೊಕ್ಕಟವಾಗಿ ಆಗಿತ್ತು.

ಮನೆಯಲ್ಲಿ ಊಟಕ್ಕೆ ಕೂತಾಗ ಅಣ್ಣ ಫೋನಿನಲ್ಲಿ ಯಾರಿಗೋ ಮರಾಠಿಯಲ್ಲಿ ಬೆಲ್ಲದ ದರ ಹೇಳುತ್ತಿದ್ದ. ಅವನು ಮುಗಿಸುವವರೆಗೆ ಕಾದು ಯೋಗಿರಾಜ, "ಇವತ್ತು ಎಂಜಿನ್ ಶುರು ಆತು," ಎಂದ.

"ಛಲೋ ಆತಲ್ಲ," ಎಂದಳು ರೂಪಾಲಿ.

"ಉಜ್ವಲಾ ಬಂದಿದ್ಳು."

ರೂಪಾಲಿಯ ಕೈ ಜೋಳದ ಭಕ್ಕರಿಯ ಮೇಲೆ ನಿಂತಿತು. ಗುರುಶಾಂತ ಫೋನನ್ನು ಮಗುಚಿಟ್ಟ. "ಯಾಕ?"

"ಸಹಿ ಬೇಕಾಗಿತ್ತು. ಮಾಡಿದೆ."

ಗುರುಶಾಂತ ಎದ್ದು ಬಂದು ತಮ್ಮನ ಪಕ್ಕದಲ್ಲಿ ಕೂತ. ಅಷ್ಟರಲ್ಲಿ ಫೋನು ಮತ್ತೆ ರಿಂಗಾಯಿತು. ಮೂರು ಸಲ ರಿಂಗಾಗುವವರೆಗೆ ಬಿಟ್ಟ, ಆಮೇಲೆ ಎತ್ತಿದ.

ಮಳೆಗಾಲಕ್ಕೆ ಮೊದಲು ಯೋಗಿರಾಜ ಕಾರನ್ನು ಕೊಲ್ಲಾಪುರದ ಕಡೆಯ ಒಂದು ಘಾಟಿನ ಸ್ಪರ್ಧೆಗೆ ಒಯ್ದ. ಎಂಜಿನ್ ಎಲ್ಲೂ ಕೈಕೊಡಲಿಲ್ಲ. ಓಡಿಸುವುದರಲ್ಲಿ ಅವನೇ ಅಷ್ಟಕ್ಕಷ್ಟೆ, ತನ್ನ ವರ್ಗದಲ್ಲಿ ಐದನೆಯವನಾದ. ಅಲ್ಲಿದ್ದ ಒಬ್ಬ ಹುರುಪಿನ ಚಾಲಕ ಎಂಜಿನ್ನಿನ ಸದ್ದು ಕೇಳಿ ಕಾರು ಕೊಡಿರೆಂದು ಬೆನ್ನು ಹತ್ತಿದ, ಇವನು ಕಾರನ್ನು ಅವನಿಗೇ ಕೊಟ್ಟು ಬಸ್ಸಿನಲ್ಲಿ ಬಂದ.

ಆಗಸ್ಟಿನಲ್ಲಿ ಸೊಲ್ಲಾಪುರದ ಕೋರ್ಟಿನಲ್ಲಿ ಕಡೆಯ ತಾರೀಖು. ನ್ಯಾಯಾಧೀಶರು ಇಬ್ಬರನ್ನೂ ಒಂದೊಂದು ಪ್ರಶ್ನೆ ಕೇಳಿದರು. ಆಯಿತು. ಹೊರಗೆ ಬಂದಾಗ ಮಳೆ ಜಿನುಗುತ್ತಿತ್ತು. ಇಬ್ಬರೂ ಎದುರಿನ ಚಹಾದಂಗಡಿಯ ತಾಡಪತ್ರಿಯ ಕೆಳಗೆ ನಿಂತರು.

"ಗಾಡಿ ಹೆಂಗ ಓಡತದ್ರಿ?"

"ಕೊಟ್ಟೆ. ಓಡಸಾವ್ರಿಗೆ ಕೊಟ್ಟೆ." ಆಮೇಲೆ ತಾನೇ ಕೇಳಿದ, "ಬಾರ್ಶಿದಾಗ ಎಲ್ಲಿ ಇರತಿ?"

ಅವಳು ಹೇಳಿದಳು. ಒಂದು ಕೋಣೆ, ಮೇಲೆ ಮಾಳಿಗೆ, ನೀರು ದಿನ ಬಿಟ್ಟು ದಿನ. ನೀರು ಎಷ್ಟು ಹೊತ್ತಿಗೆ ಬರುತ್ತದೆಂದು ಅವನು ಕೇಳಿದ. ಲ್ಯಾಬಿನಲ್ಲಿ ಅವಳ ಕೆಲಸ ಏನೆಂದು ಕೇಳಿದ. ರಕ್ತ ತೆಗೆಯುವಾಗ ಕೈ ನಡುಗುವುದಿಲ್ಲವೇ ಎಂದು ಕೇಳಿದ. "ಮೊದಲ ನಡಗತಿತ್ರಿ," ಎಂದು ಅವಳು ನಕ್ಕು, ನಾಲ್ಕು ಸಲ ಸೂಜಿ ಚುಚ್ಚಿಸಿಕೊಂಡೂ ತನಗೇ ಸಮಾಧಾನ ಹೇಳಿದ ಒಬ್ಬ ಮುದುಕಿಯ ಕತೆ ಹೇಳಿದಳು. ಎರಡನೆಯ ಚಹಾ ಬಂತು. ಮಳೆ ನಿಂತದ್ದು ಇಬ್ಬರಿಗೂ ತಿಳಿಯಲಿಲ್ಲ. ಮದುವೆಯಾದ ಮೇಲೆ ಒಂದೇ ಕಡೆ ನಿಂತು ಇಷ್ಟು ಮಾತಾಡಿದ್ದು ಯೋಗಿರಾಜನಿಗೆ ನೆನಪಿರಲಿಲ್ಲ. ಉಳಿಸಿಕೊಳ್ಳುವಂಥದು ಏನೂ ಇಲ್ಲದಾಗ ಮಾತು ಎಷ್ಟು ಸಲೀಸಾಗಿ ಬರುತ್ತದೆ ಎಂದು ಅವನಿಗೆ ಅನ್ನಿಸಿತು.

ಸ್ಟ್ಯಾಂಡಿನಲ್ಲಿ ಬಾರ್ಶಿಯ ಬಸ್ಸು ಹೊರಟು ನಿಂತಿತ್ತು. "ಅಪ್ಪಗ ಒಮ್ಮೆ ಫೋನ್ ಮಾಡ್ರಿ," ಎಂದು ಹೇಳಿ ಅವಳು ಹತ್ತಿದಳು. ಈ ಸಲ ಕಿಟಕಿಯ ಸೀಟು ಸಿಕ್ಕಿತ್ತು. ಬಸ್ಸು ತಿರುಗುವವರೆಗೆ ಇತ್ತಲೇ ನೋಡುತ್ತಿದ್ದಳು.

ಹಸಿವೆಯಾಗಿದೆಯೆಂದು ಅವನಿಗೆ ಆಮೇಲೆ ತಿಳಿಯಿತು. ಸ್ಟ್ಯಾಂಡಿನ ಎದುರಿನ ಖಾನಾವಳಿಗೆ ಹೋದ. ಮಾಣಿ ಅವನನ್ನು ಒಬ್ಬ ಅಪರಿಚಿತನ ಎದುರಿಗೆ ಕೂರಿಸಿದ. ತಾಟು ಬಂತು. ಎದುರಿನವನು ಶೇಂಗಾ ಚಟ್ನಿಯ ಬಟ್ಟಲನ್ನು ಇತ್ತ ಸರಿಸಿದ.

"ಯಾವ ಊರ್ರಿ ನಿಮ್ದು?" ಎಂದು ಕೇಳಿದ ಯೋಗಿರಾಜ.

"ಹುಲಜಂತಿ," ಎಂದ ಅವನು, ತುತ್ತು ಅಗಿಯುತ್ತ ಫೋನಿನಲ್ಲಿ ಏನೋ ನೋಡುತ್ತಿದ್ದ.

ಇನ್ನೇನು ಕೇಳಬಹುದೆಂದು ಯೋಗಿರಾಜ ಸ್ವಲ್ಪ ಹೊತ್ತು ಯೋಚಿಸಿದ. ಅಷ್ಟರಲ್ಲಿ ಆ ಮನುಷ್ಯ ಕೈ ತೊಳೆಯಲು ಎದ್ದು ಹೋದ. ಯೋಗಿರಾಜ ಭಕ್ಕರಿ ಮುರಿದ.